ತಟ್ಟೆ ಒಡೆಯುವ ಹಾಡು

ತಮ್ಮನ ಬ್ಯಾಂಡಿಗೆ 'ಕಿವಿಗೆ ಹತ್ತಿ' ಎಂಬ ಹೆಸರು ಬಂದದ್ದು ಅಕ್ಕನ ಬಾಯಿಂದಲೇ. ಅವಳಿಗೆ ಬಟ್ಟೆ ಆಲ್ಟರೇಷನ್ ಅಂಗಡಿಯಲ್ಲಿ ಕೆಲಸ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತು ಮನೆಗೆ ಬಂದರೆ ತಮ್ಮನ ಗಿಟಾರು ಕಬ್ಬಿಣ ಕೊಯ್ಯುವ ಗರಗಸದಂತೆ ಕಿರುಚುತ್ತಿರುತ್ತಿತ್ತು. ಅವನು ಲಿಫ್ಟ್ ರಿಪೇರಿಯವನು. ಡ್ರಮ್ ಬಾರಿಸುವವನು ಬಡಗಿ. ಹಾಡುವವನು, ಅಂದರೆ ಅರಚುವವನು, ಗ್ರಂಥಾಲಯದ ಗುಮಾಸ್ತ; ಹಗಲೆಲ್ಲ ಪಿಸುಗುಟ್ಟುವ ಕೆಲಸವಾದ್ದರಿಂದ ಅವನಿಗೆ ಮೌನಿ ಎಂದೇ ಹೆಸರು.

"ಇದು ಸಂಗೀತಾನೋ, ಮನೆ ಕೆಡವ್ತಿದ್ದೀರೋ? ಕೇಳೋಕೆ ಬರೋರಿಗೆ ಮೊದ್ಲು ಕಿವಿಗೆ ಹತ್ತಿ ಕೊಡಿ" ಎಂದು ಅವಳು ಒಮ್ಮೆ ರೇಗಿದಾಗ ಮೂವರೂ ಬಿದ್ದು ಬಿದ್ದು ನಕ್ಕಿದ್ದರು. ಆಮೇಲೆ ಪ್ರತಿ ಪ್ರದರ್ಶನದಲ್ಲೂ ಬಾಗಿಲಲ್ಲಿ ನಿಜಕ್ಕೂ ಹತ್ತಿ ಹಂಚತೊಡಗಿದರು. ಬಡಗಿ ತಾಳಕ್ಕೆ ಸರಿಯಾಗಿ ವೇದಿಕೆಯ ಮೇಲೆ ಕುರ್ಚಿ ಕೊಯ್ಯುತ್ತಾನೆ, ಮೌನಿ ಬಕೆಟ್ಟಿನೊಳಗೆ ತಲೆಯಿಟ್ಟು ಹಾಡುತ್ತಾನೆ ಎಂದೆಲ್ಲ ತಮ್ಮ ಬಂದು ವರದಿ ಒಪ್ಪಿಸುತ್ತಿದ್ದ. ಅವರ ವೇಷಗಳನ್ನು ಹೊಲಿದುಕೊಟ್ಟವಳೂ ಅವಳೇ. ಆದರೂ ಒಂದು ಪ್ರದರ್ಶನಕ್ಕೂ ಹೋಗಿರಲಿಲ್ಲ. "ನೀನ್ ಬರಬೇಡಕ್ಕ, ನಿಂಗೆ ತಲೆನೋವು ಬರುತ್ತೆ" ಎನ್ನುತ್ತಿದ್ದ ತಮ್ಮ. ಎಷ್ಟು ಕಾಳಜಿ ಇವನಿಗೆ ಎಂದುಕೊಳ್ಳುತ್ತಿದ್ದಳು.

ಹಾಗೆಂದುಕೊಳ್ಳಲು ಕಾರಣವೂ ಇತ್ತು. ಹಿಂದಿನ ವರ್ಷ ಅವಳ ಗಂಡ ಫೋನು ಮಾಡಿ, ತಾನಿನ್ನು ಮನೆಗೆ ಬರುವುದಿಲ್ಲ, ಬೇರೊಬ್ಬಳ ಜೊತೆ ಸಂಸಾರ ಹೂಡಿದ್ದೇನೆ ಎಂದಿದ್ದ. ಆ ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿದ್ದ ಪಿಂಗಾಣಿ ತಟ್ಟೆಗಳನ್ನೆಲ್ಲ ಗೋಡೆಗೆ ಎಸೆದು, ಗಂಟಲು ಹರಿಯುವಂತೆ ಕೂಗಾಡಿದ್ದಳು. ಪಕ್ಕದ ಕೋಣೆಯಲ್ಲಿದ್ದ ತಮ್ಮ ಮೆಲ್ಲಗೆ ಎದ್ದು ತನ್ನ ಬಾಗಿಲು ಹಾಕಿಕೊಂಡ. ಎಲ್ಲ ಮುಗಿದ ಮೇಲೆ ಪೊರಕೆ ಹಿಡಿದು ಬಂದು, ಒಂದು ಮಾತೂ ಆಡದೆ ಚೂರುಗಳನ್ನು ಗುಡಿಸಿದ. "ನನ್ನ ಮಾನ ಕಾಪಾಡಿದ ಕಣಮ್ಮ" ಎಂದು ಅವಳು ತಾಯಿಯ ಹತ್ತಿರ ಹೇಳಿಕೊಂಡಿದ್ದಳು.

ಒಂದು ಭಾನುವಾರ ಮಧ್ಯಾಹ್ನ, ಅಂಗಡಿಗೆ ರಜವಿತ್ತು. ತಮ್ಮನಿಗೆ ಹೇಳದೆ ಅವನ ಪ್ರದರ್ಶನಕ್ಕೆ ಹೋಗಿ ಖುಷಿಪಡಿಸೋಣವೆಂದು ಹೊರಟಳು. ಅದೊಂದು ಹಳೆಯ ಗ್ಯಾರೇಜು, ಕಾಲಿಡಲು ಜಾಗವಿಲ್ಲದಷ್ಟು ಜನ. ಬಕೆಟ್ಟಿನ ಹಾಡಿಗೆ ಅವಳೂ ಎಲ್ಲರಂತೆ ನಕ್ಕಳು. ಆಮೇಲೆ ದೀಪ ಆರಿತು. ಸ್ಪೀಕರಿನಿಂದ ತಟ್ಟೆಯೊಂದು ಒಡೆದ ಸದ್ದು. ಅದರ ಹಿಂದೆಯೇ ಒಬ್ಬ ಹೆಂಗಸಿನ ಕೂಗು.

"ನಾನೇನ್ ಕಮ್ಮಿ ಮಾಡಿದ್ದೆ ನಿಂಗೆ?"

ತನ್ನ ದನಿ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ದೀಪ ಹತ್ತಿದಾಗ ಮೌನಿ ಹೆಂಗಸರ ನೈಟಿಯೊಂದನ್ನು ತೊಟ್ಟು ನಿಂತಿದ್ದ. ಒರೆಸುವ ಬಟ್ಟೆಗೆಂದು ತಮ್ಮ ಕೇಳಿ ಪಡೆದಿದ್ದ ಅವಳ ಹಳೆಯ ನೈಟಿ ಅದು. ಅವನು ಎದೆ ಬಡಿದುಕೊಳ್ಳುತ್ತ ತಟ್ಟೆ ಎಸೆದ. ಆ ಕೂಗಿನ ಏರಿಳಿತವನ್ನೇ ತಮ್ಮನ ಗಿಟಾರು ಚಾಚೂ ತಪ್ಪದೆ ಅನುಕರಿಸಿತು. ಜನರೆಲ್ಲ ನಗುತ್ತ, ಕೈಯೆತ್ತಿ, ಒಕ್ಕೊರಲಿನಿಂದ ಅರಚಿದರು: "ನಾನೇನ್ ಕಮ್ಮಿ ಮಾಡಿದ್ದೆ ನಿಂಗೆ?"

ಪಕ್ಕದಲ್ಲಿದ್ದ ಹುಡುಗಿ ಅವಳ ಕಿವಿಯಲ್ಲಿ ಕಿರುಚಿದಳು. "ಇವರಿಗೆ ಹೆಸರು ಬಂದಿದ್ದೇ ಈ ಹಾಡಿಂದ! ಯಾರೋ ಪಕ್ಕದ ಮನೆಯವಳಂತೆ, ತಲೆ ಕೆಟ್ಟಿತ್ತಂತೆ!"

ಅಕ್ಕ ಜನರನ್ನು ತಳ್ಳಿಕೊಂಡು ಹೊರಗೆ ಬಂದಳು.

ಸಂಜೆ ತಮ್ಮ ಮನೆಗೆ ಬಂದಾಗ ಅವಳು ನಿಂತೇ ಇದ್ದಳು. "ಅವತ್ತು ಬಾಗಿಲು ಹಾಕ್ಕೊಂಡಿದ್ದು ರೆಕಾರ್ಡ್ ಮಾಡೋಕಾ?"

ಅವನು ಗಿಟಾರನ್ನು ಗೋಡೆಗೆ ಒರಗಿಸಿದ. "ಅಕ್ಕ, ಮೈಕ್ ಮೊದಲೇ ಆನ್ ಆಗಿತ್ತು. ಆಫ್ ಮಾಡ್ಲಿಲ್ಲ, ಅಷ್ಟೆ. ಅಂಥ ದನಿ ನಾನ್ ಎಲ್ಲೂ ಕೇಳಿರ್ಲಿಲ್ಲ. ಅಲ್ಲೀವರೆಗೆ ನಮ್ದು ಬರೀ ಗದ್ದಲ ಆಗಿತ್ತು."

"ನನ್ನನ್ನ ಒಂದ್ ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ."

"ಅದಕ್ಕೇ ಕೇಳ್ಬೇಕಿತ್ತು."

ಅವನು ಅತ್ತ. ಇನ್ನೆಂದೂ ಆ ಹಾಡು ನುಡಿಸುವುದಿಲ್ಲವೆಂದು ಅವಳ ತಲೆ ಮುಟ್ಟಿ ಆಣೆ ಮಾಡಿದ. ಅವಳು ನಂಬಿದಳು. ನಂಬದೆ ಏನು ಮಾಡುವುದು, ಒಡಹುಟ್ಟಿದವನು.

ಕೆಲವು ವಾರ ಕಳೆದು ಬಡಗಿ ಪ್ಯಾಂಟು ಗಿಡ್ಡ ಮಾಡಿಸಲು ಅಂಗಡಿಗೆ ಬಂದ. ಒಡೆದದ್ದು ಯಾರ ತಟ್ಟೆಯೆಂದು ಪಾಪ, ಅವನಿಗೂ ಗೊತ್ತಿರಲಿಲ್ಲ. ಕಾಲಿನ ಅಳತೆಗೆ ಅವಳು ಬಗ್ಗಿದ್ದಾಗ ಖುಷಿಯಿಂದ ಹೇಳಿದ. "ಶನಿವಾರ ನೀವಿರಬೇಕಿತ್ತಕ್ಕ! ಪಕ್ಕದೂರಲ್ಲಿ ತಟ್ಟೆ ಹಾಡು ಎರಡೆರಡು ಸಲ ಮಾಡ್ಸಿದ್ರು. ಬೇಡ ಬೇಡ ಅಂತಿದ್ದ ನಿಮ್ಮ ತಮ್ಮ, ಆಮೇಲೆ ಅವನೇ ಶುರು ಮಾಡ್ದ."

ಅವಳು ಬಾಯಲ್ಲಿದ್ದ ಗುಂಡುಪಿನ್ನನ್ನು ತೆಗೆದು ಬಟ್ಟೆಗೆ ಚುಚ್ಚಿದಳು. "ನೇರ ನಿಂತ್ಕೊಳಿ" ಎಂದಳು.

ಅಂದೇ ತಮ್ಮನಿಗೆ ಬೇರೆ ಕೋಣೆ ನೋಡಿಕೊಳ್ಳಲು ಹೇಳಿದಳು. ತಾಯಿ ಫೋನು ಮಾಡಿ ಗೋಗರೆದಳು: "ಹುಡುಗು ಬುದ್ಧಿ ಕಣೆ, ಹೊಟ್ಟೆಗೆ ಹಾಕ್ಕೋ."

"ಗಂಡ ಬಿಟ್ಟು ಹೋದಾಗ್ಲೂ ನೀನ್ ಹೊಟ್ಟೆಗೆ ಹಾಕ್ಕೋ ಅಂದಿದ್ದೆ. ಇನ್ನು ಜಾಗ ಇಲ್ಲಮ್ಮ."

ಅವನು ಹೊರಡುವ ದಿನ ಗೆಳೆಯರು ಯಾರೂ ಬರಲಿಲ್ಲ. ದೊಡ್ಡ ಸ್ಪೀಕರ್ ಪೆಟ್ಟಿಗೆಯನ್ನು ಒಬ್ಬನೇ ಎಳೆಯಲಾರದೆ ಮೆಟ್ಟಿಲ ಮೇಲೆ ನಿಂತಿದ್ದ. ಅಕ್ಕ ನೋಡಿದಳು, ಇಳಿದು ಬಂದು ಇನ್ನೊಂದು ತುದಿಗೆ ಕೈ ಕೊಟ್ಟಳು. ಇಬ್ಬರೂ ಸೇರಿ ಇಳಿಸಿದರು. ಬಾಡಿಗೆ ಗಾಡಿಗೆ ಎತ್ತಿಡುವಾಗ ಅವನು "ಅಕ್ಕಾ..." ಎಂದ.

"ಬೆರಳು ಹುಷಾರು" ಎಂದಳು. ಪೆಟ್ಟಿಗೆ ಒಳಗೆ ಸರಿದ ಮೇಲೆ ಸೀರೆಗೆ ಅಂಟಿದ ಧೂಳು ಕೊಡವಿಕೊಂಡು, ಗಾಡಿ ಹೊರಡುವ ಮೊದಲೇ ಅಂಗಡಿಯ ಕಡೆ ನಡೆದಳು.