ಹಣೆಯ ದ್ರಾಕ್ಷಿ

ತಾಂತಾ ಪೇಟೆಯ ಮಸಾಲೆ ವ್ಯಾಪಾರಿ ಹಾಜಿ ಬಯ್ಯೂಮಿಯ ಹಣೆಯ ನಟ್ಟನಡುವೆ ಕಪ್ಪಗೆ, ದುಂಡಗೆ ಒಂದು ಕಲೆಯಿತ್ತು. ವರ್ಷಗಟ್ಟಲೆ ನೆಲಕ್ಕೆ ಹಣೆಯೂರಿ ನಮಾಜು ಮಾಡಿದವರಿಗೆ ಮೂಡುವ ಈ ಕಲೆಗೆ ನಮ್ಮಲ್ಲಿ ದ್ರಾಕ್ಷಿ ಎನ್ನುತ್ತಾರೆ. ಬಯ್ಯೂಮಿಯದು ಮಾತ್ರ ಒಂದೇ ಚಳಿಗಾಲದಲ್ಲಿ ಮೂಡಿತ್ತು. ಅದರ ಗುಟ್ಟು ಗೊತ್ತಿದ್ದದ್ದು ಅವನ ಹೆಂಡತಿ ಕರಿಮಾನ್‌ಗೆ.

"ರೀ, ನನ್ನ ಹಿಮ್ಮಡಿ ಉಜ್ಜೋ ಕಲ್ಲು ಮತ್ತೆ ಕಾಣ್ತಿಲ್ಲ. ಹಣೆ ಉಜ್ಜಿಕೊಂಡು ಕೂತಿದ್ದೀರೇನು?"

"ಮೆಲ್ಲಗೆ ಮಾತಾಡೇ! ಪಕ್ಕದ ಮನೆಯೋರಿಗೆ ಕೇಳಿಸುತ್ತೆ."

ಕಲೆ ಮೂಡಿದ್ದೇ ತಡ, ಜೀರಿಗೆ ಕಟ್ಟಿಸಿಕೊಂಡವರೆಲ್ಲ ಹೋಗುವಾಗ "ಹಾಜಿಯೋರೇ, ನಮಗೋಸ್ಕರ ಒಂದು ದುವಾ ಮಾಡಿ" ಎನ್ನತೊಡಗಿದರು. "ಮಾಡ್ತೀನಿ, ಮಾಡ್ತೀನಿ" ಎನ್ನುತ್ತ ಬಯ್ಯೂಮಿ ಪೊಟ್ಟಣಕ್ಕೆ ದಾರ ಸುತ್ತುತ್ತಿದ್ದ. ತೂಕದ ಮೇಲೆ ಒಂದು ಚಿಟಿಕೆ ಕೊಸರು ಹಾಕಿದ ಹಾಗೆ ಅವನಿಗೆ ಆ ಮಾತು. ಒಬ್ಬರಿಗಾದರೂ ಮಾಡಿದ್ದನೇ ಎಂದರೆ, ದೇವರಾಣೆಗೂ ಇಲ್ಲ.

ಒಂದು ಮಧ್ಯಾಹ್ನ ರೈಲು ಹಳಿಯಾಚೆ ಇಸ್ತ್ರಿ ಮಾಡಿ ಬದುಕುವ ಜಕಿಯಾ ಬಂದಳು. ಗಂಡ ಸತ್ತವಳು.

"ಮಗಳು ಸಬ್ರೀನ್‌ಗೆ ಉಸಿರೇ ಸಿಗ್ತಿಲ್ಲ ಹಾಜಿಯೋರೇ. ಔಷಧಿ ಕೊಟ್ಟೆ, ನಾಟ್ತಿಲ್ಲ. ನಿಮ್ಮಂಥೋರ ಮಾತಾದ್ರೆ ಮೇಲಿನೋನು ಕೇಳ್ತಾನೆ."

"ಇವತ್ತೇ ದುವಾ ಮಾಡ್ತೀನಮ್ಮ. ನೀನು ನಿಶ್ಚಿಂತೆಯಾಗಿರು."

ಅವಳು ಕಣ್ಣೊರೆಸಿಕೊಂಡು ಹೋದಳು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಬಯ್ಯೂಮಿ ಮರೆತ.

ಸಂಜೆಯ ನಮಾಜಿಗೆ ಎಂದಿನಂತೆ ಮೊದಲ ಸಾಲಿನಲ್ಲಿ ನಿಂತ. ಹಣೆ ಜಮಖಾನಕ್ಕೆ ತಾಗಿದ ಕೂಡಲೇ ಅಡಿಯಿಂದ ಉಸಿರಾಟ ಕೇಳಿಸಿತು. ಚಿಕ್ಕ ಮಗುವಿನ ಉಸಿರು, ಕೊನೆಯಲ್ಲಿ ಸುಂಯ್ ಎಂಬ ಸೀಟಿ. ತಲೆ ಎತ್ತಿದ, ನಿಂತಿತು. ಮತ್ತೆ ಹಣೆಯೂರಿದ, ಮತ್ತೆ ಸುಂಯ್.

ನಮಾಜು ಮುಗಿದ ಮೇಲೆ ಪಕ್ಕದಲ್ಲಿದ್ದ ಕ್ಷೌರಿಕ ಶಲಬಿಯನ್ನು ಕೇಳಿದ: "ಏನಾದ್ರೂ ಕೇಳಿಸ್ತೇನಯ್ಯ?"

"ನಿಮ್ಮ ಹೊಟ್ಟೆ ಗುಡುಗಿದ್ದು ಕೇಳಿಸ್ತು. ಮಧ್ಯಾಹ್ನ ಕಾಳು ಜಾಸ್ತಿ ಆಯ್ತೇನು?"

ಮನೆಯ ಚಾಪೆಯಲ್ಲೂ ಅದೇ ಉಸಿರು. ಮರುದಿನ ಇನ್ನೂ ನಿಧಾನ. ಅದು ಯಾರ ಉಸಿರೆಂದು ಬಯ್ಯೂಮಿಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇದ್ದ. ಕೊನೆಗೆ ಒಂದು ಉಪಾಯ ಹೂಡಿದ. ಎಲ್ಲರಂತೆ ಬಾಗುವುದು, ಹಣೆಯನ್ನು ಮಾತ್ರ ಜಮಖಾನದಿಂದ ಒಂದು ಬೆರಳಿನಷ್ಟು ಮೇಲೆ ತಡೆದು ಹಿಡಿಯುವುದು. ಹಿಂದಿನವರಿಗೆ ಏನು ತಿಳಿಯಬೇಕು? ದ್ರಾಕ್ಷಿಗೆ ಒಂದು ಹನಿ ಎಣ್ಣೆ ಸವರಿಕೊಂಡು ಈ ಮಹಾನುಭಾವ ಗಾಳಿಗೇ ನಮಾಜು ಮಾಡಿದ.

ಶುಕ್ರವಾರ ಮಸೀದಿ ಕಿಕ್ಕಿರಿದಿತ್ತು. ಬಯ್ಯೂಮಿ ಹಣೆಯನ್ನು ಹಾಗೇ ತಡೆದು ಹಿಡಿದಿದ್ದ. ಈ ಸಲ ಉಸಿರೇ ಮೇಲೆ ಬಂತು. ಕೆಳಗೆ ಯಾರೋ ಬಾಯಿ ತೆರೆದು ಮಲಗಿದಂತೆ, ಬಿಸಿಯಾಗಿ, ಸರಿಯಾಗಿ ಕಲೆಯ ಮೇಲೆ ತಾಗಿತು. ಆಮೇಲೆ ನಿಂತುಹೋಯಿತು. ಬಹಳ ಹೊತ್ತಿನ ಮೇಲೆ ಎಳೆದುಕೊಂಡು ಇನ್ನೊಂದು ಬಂತು.

ನಮಾಜು ಮುಗಿಯುವುದನ್ನೂ ಕಾಯದೆ, ಸಾಲು ಮುರಿದು, ಬರಿಗಾಲಲ್ಲಿ ಹಳಿ ದಾಟಿ ಓಡಿದ.

ಜಕಿಯಾಳ ಕೋಣೆಯಲ್ಲಿ, ಇಸ್ತ್ರಿ ಬಟ್ಟೆಗಳ ನಡುವೆ, ಮಗು ಅದೇ ಸುಂಯ್ ಎಳೆಯುತ್ತ ಮಲಗಿತ್ತು. ತುಟಿ ನೀಲಿಗಟ್ಟಿತ್ತು. ಅವನನ್ನು ಕಂಡು ತಾಯಿಯ ಮುಖ ಅರಳಿತು.

"ಬಂದ್ರಾ! ನೀವು ದುವಾ ಮಾಡ್ತಾನೇ ಇದ್ದೀರಿ ಅಂತ ನಂಗೊತ್ತಿತ್ತು."

"ಆಸ್ಪತ್ರೆಗೆ ಯಾಕಮ್ಮ ಕರ್ಕೊಂಡು ಹೋಗಲಿಲ್ಲ?"

"ನಿಶ್ಚಿಂತೆಯಾಗಿರು ಅಂದ್ರಲ್ಲ ಹಾಜಿಯೋರೇ. ಅದಕ್ಕೇ ಸುಮ್ಮನಿದ್ದೆ."

ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಮಗುವನ್ನು ಎದೆಗವುಚಿಕೊಂಡು ಓಡಿದ. ಜಕಿಯಾ ಹಿಂದೆ ಓಡಿದಳು. ಆಸ್ಪತ್ರೆಯವರು ಮಗುವನ್ನು ಒಳಗೆ ಕರೆದೊಯ್ದು ಬಾಗಿಲು ಮುಚ್ಚಿದರು. ಬಯ್ಯೂಮಿ ಅಲ್ಲೇ ಫಿನಾಯಿಲ್ ವಾಸನೆಯ ನೆಲದ ಮೇಲೆ ಬಿದ್ದ. ಚಾಪೆಯಿಲ್ಲ, ಮಕ್ಕಾ ಯಾವ ದಿಕ್ಕಿಗೋ ತಿಳಿಯದು. ಕಂಠಪಾಠ ಮಾಡಿದ ಒಂದು ಮಾತೂ ಬಾಯಿಗೆ ಬರಲಿಲ್ಲ.

"ಯಾ ರಬ್, ನನ್ನ ಹಣೆ ಸುಳ್ಳು. ಈ ಮಗು ಸುಳ್ಳಲ್ಲ. ಉಳಿಸಪ್ಪಾ."

ನೆಲದೊಳಗಿಂದ ಏನೂ ಕೇಳಿಸಲಿಲ್ಲ. ಉಸಿರು ಇಲ್ಲ, ಸೀಟಿ ಇಲ್ಲ. ಮುಗಿಯಿತು ಎಂದುಕೊಂಡ. ತಲೆ ಎತ್ತಲು ಧೈರ್ಯ ಬರದೆ ಹಾಗೇ ಅಳುತ್ತ ಬಿದ್ದಿದ್ದ.

ಎಷ್ಟೋ ಹೊತ್ತಿನ ಮೇಲೆ ಜಕಿಯಾ ಭುಜ ಅಲುಗಿಸಿದಳು. "ಹಾಜಿಯೋರೇ, ಏಳಿ. ಸಬ್ರೀನ್ ಕಣ್ಬಿಟ್ಲು, ನೀರು ಕೇಳ್ತಿದ್ದಾಳೆ."

ಮರುದಿನ ಮಧ್ಯಾಹ್ನ ಬಯ್ಯೂಮಿ ಹಗುರಾದ ಮನಸ್ಸಿನಿಂದ ಮಸೀದಿಗೆ ಹೋದ. ಹೆಂಡತಿಯ ಕಲ್ಲನ್ನು ಹೆಂಡತಿಗೇ ಕೊಟ್ಟಿದ್ದ. ಕೊನೆಯ ಸಾಲಿನಲ್ಲಿ ನಿಂತು, ಬಾಗಿ, ಯಾವ ಅಂಜಿಕೆಯೂ ಇಲ್ಲದೆ ಹಣೆಯನ್ನು ಗಟ್ಟಿಯಾಗಿ ನೆಲಕ್ಕೂರಿದ.

ಅಡಿಯಲ್ಲಿ ಯಾರೋ ಕೆಮ್ಮಿದರು. ಮುದುಕನ ಕೆಮ್ಮು. ಅದರಾಚೆ ಹೆಂಗಸೊಬ್ಬಳ ಬಿಕ್ಕು, ಅದರಾಚೆ ನರಳಾಟ, ಅದರಾಚೆ ಇನ್ನೂ ಎಷ್ಟೋ ಉಸಿರುಗಳು. ಜೀರಿಗೆ ಕಟ್ಟಿಸಿಕೊಂಡು ಹೋದವರೆಲ್ಲ ಅಲ್ಲಿ ಕಾಯುತ್ತಿದ್ದರು.

ಇಮಾಮರು ಕೂಗಿದರು, ಸಾಲು ಎದ್ದು ನಿಂತಿತು. ಬಯ್ಯೂಮಿ ಏಳಲಿಲ್ಲ. ನೆನಪಿಗೆ ಬಂದ ಮೊದಲ ಹೆಸರನ್ನು ಹೇಳಿ ಅವನಿಗಾಗಿ ಬೇಡಿಕೊಂಡ. ಕೆಮ್ಮು ನಿಂತಿತು. ಉಳಿದವರು ಕಾಯುತ್ತಲೇ ಇದ್ದರು. ಎಷ್ಟು ತಡಕಾಡಿದರೂ ಅವನಿಗೆ ಎರಡನೆಯ ಹೆಸರು ನೆನಪಾಗಲಿಲ್ಲ.