ಅದಲು ಬದಲಾದ ಚೀಟಿ

ಎಂದಿನ ಗುರುವಾರದ ಕಾಫಿಗೆ ವಿಗ್ಗೊ ಕಾಗದ ಹಿಡಿದುಕೊಂಡು ಬಂದಾಗ ಇಂಗೆರ್ಲಿಸೆ ರೈ ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಸವರುತ್ತಿದ್ದಳು. ಗಂಡ ತೋರ್ಕಿಲ್ ತೀರಿಕೊಂಡು ಎರಡು ವರ್ಷವಾದರೂ ಆ ರೂಢಿ ಬಿಟ್ಟಿರಲಿಲ್ಲ. ಅವನು ನುಂಗುತ್ತಿದ್ದ ಕ್ಯೂ-ಟೆನ್ ಕ್ಯಾಪ್ಸೂಲ್ ಕೊಬ್ಬಿನ ಜೊತೆ ತಿಂದರೇ ಮೈಗೆ ಹತ್ತುವುದು ಎಂದು ನರ್ಸು ಹೇಳಿದ್ದಳು.

ಗಂಡ, ಅವನ ಗೆಳೆಯ ವಿಗ್ಗೊ ಇಬ್ಬರೂ ದ್ವೀಪದ ಫೆರ್ರಿ ದೋಣಿ ನಡೆಸಿದವರು. ಇಬ್ಬರ ಹೃದಯವೂ ಸೋತಿತ್ತು. ಜೀವಕೋಶಕ್ಕೆ ಕಸುವು ಕೊಟ್ಟು, ತುಕ್ಕು ಹಿಡಿಯದಂತೆ ಕಾಯುವ ಈ ಕ್ಯೂ-ಟೆನ್ ಮೈಯಲ್ಲೇ ಹುಟ್ಟುತ್ತದೆ, ವಯಸ್ಸಾದಂತೆ ಕಡಿಮೆಯಾಗುತ್ತದೆ. ಹೊರಗಿನಿಂದ ಕೊಟ್ಟರೆ ಏನಾದೀತೆಂದು ಆಸ್ಪತ್ರೆಯವರು ಪರೀಕ್ಷೆ ನಡೆಸಿದ್ದರು. ಅರ್ಧ ಜನಕ್ಕೆ ಅಸಲಿ, ಅರ್ಧ ಜನಕ್ಕೆ ಬರೀ ಸೋಯಾ ಎಣ್ಣೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರಲಿಲ್ಲ. ಮೂರು ತಿಂಗಳಿಗೊಮ್ಮೆ ವಿಗ್ಗೊ ಹೋಗಿ ಇಬ್ಬರ ಡಬ್ಬಿಯನ್ನೂ ತರುತ್ತಿದ್ದ.

ವಿಗ್ಗೊ ಚೇತರಿಸಿಕೊಂಡ. ತೋರ್ಕಿಲ್ ಹತ್ತು ಮೆಟ್ಟಿಲಿಗೇ ಏದುಸಿರು ಬಿಡುತ್ತಿದ್ದ. ಇಂಗೆರ್ಲಿಸೆಗೆ ಹೊಟ್ಟೆ ಉರಿಯಿತು, ಉರಿಯದೆ ಇರುತ್ತದೆಯೇ? ಸೆಪ್ಟೆಂಬರಿನ ಒಂದು ಗುರುವಾರ ವಿಗ್ಗೊ ಹೊಸ ಡಬ್ಬಿಗಳನ್ನು ಅಡುಗೆಮನೆಯಲ್ಲಿಟ್ಟು ತೋರ್ಕಿಲ್‌ನೊಡನೆ ಇಸ್ಪೀಟಿಗೆ ಕೂತ. ಅವಳು ಅವನ್ನು ಕೆಟಲಿನ ಹಬೆಗೆ ಹಿಡಿದು, ಹೆಸರಿನ ಚೀಟಿ ಬಿಡಿಸಿ, ಅದಲು ಬದಲು ಅಂಟಿಸಿದಳು. ಕ್ರಿಸ್‌ಮಸ್ಸಿಗೆ ಮುಂಚೆ ತೋರ್ಕಿಲ್ ಹೋಗಿಬಿಟ್ಟ.

"ಪರೀಕ್ಷೆ ಮುಗೀತಂತೆ. ನಿಂಗೂ ಕಾಗದ ಬಂದಿರ್ಬೇಕಲ್ಲೇ?" ಎಂದ ವಿಗ್ಗೊ, ಕೂತು ಅವಳು ಕೊಟ್ಟ ಬ್ರೆಡ್ಡು ಕಚ್ಚುತ್ತ. "ನಂದು ಬರೀ ಎಣ್ಣೆ ಕಣೇ. ಇಷ್ಟು ವರ್ಷ ನುಂಗಿದ್ದು ಸೋಯಾ ಎಣ್ಣೆ. ಸಲಾಡಿಗೆ ಹಾಕ್ಕೊಂಡಿದ್ರೆ ರುಚಿನಾದ್ರೂ ಸಿಗ್ತಿತ್ತು."

ಅವಳ ಕಾಗದ ಮೇಜಿನ ಮೇಲೇ ಇತ್ತು. ಬೆಳಿಗ್ಗೆಯೇ ಓದಿದ್ದಳು. ತೋರ್ಕಿಲ್‌ಗೆಂದು ಆಸ್ಪತ್ರೆ ಇಟ್ಟಿದ್ದು ಅಸಲಿ ಕ್ಯಾಪ್ಸೂಲ್.

ವಿಗ್ಗೊ ಅದನ್ನು ಓದಿ ತಲೆಯಾಡಿಸಿದ. "ನೋಡು, ಅಸಲಿ ತಿಂದವ್ನೇ ಹೋದ. ಎಲ್ಲ ಅವನವನ ಹಣೇಬರಹ. ನೀನಂತೂ ಮಾಡೋದೆಲ್ಲ ಮಾಡಿದೆ ಬಿಡು."

ಆ ಸಮಾಧಾನವನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ.

"ಅವನ ಕೊನೇ ಡಬ್ಬಿ ಅವನು ತಿನ್ಲಿಲ್ಲ, ವಿಗ್ಗೊ. ಚೀಟಿ ಬದಲಾಯಿಸ್ಬಿಟ್ಟೆ. ನೀನು ಚೆನ್ನಾಗಾಗಿದ್ದೆ, ನಿಂದೇ ಅಸಲಿ ಅನ್ಕೊಂಡೆ. ನಿಂದನ್ನ ಕದ್ದು ಅವನಿಗೆ ಕೊಟ್ಟೆ."

ವಿಗ್ಗೊನ ಕೈ ತಾನಾಗಿ ಎದೆಯ ಮೇಲೆ ಹೋಯಿತು.

"ಹಾಗಾದ್ರೆ ಆ ಚಳಿಗಾಲ ನಾನು ತಿಂದದ್ದು ಅವನ ಪಾಲು," ಎಂದ.

ಕಚ್ಚಿದ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟು, ಟೋಪಿ ಹಾಕಿಕೊಂಡು ಹೊರಟುಹೋದ. ಮುಂದಿನ ಗುರುವಾರ ಅವಳು ಎಂದಿನಂತೆ ಎರಡು ಕಪ್ಪು ಇಟ್ಟಳು. ಅವನು ಬರಲಿಲ್ಲ.