ಮಂಚದ ಕೆಳಗಿನ ಬೋಗುಣಿ

ಲಮ್ಯೈ ತಮ್ಮನ ಬಲಗೈ ಮೇಲೆ ಮತ್ತೊಮ್ಮೆ ನೀರು ಸುರಿದಳು. ಮಲ್ಲಿಗೆ ತೇಲುತ್ತಿದ್ದ ಬಟ್ಟಲು ಇನ್ನೂ ತುಂಬಿಯೇ ಇತ್ತು. ಬಂದವರೆಲ್ಲ ಸತ್ತವನ ಕೈಗೆ ನೀರು ಬಿಟ್ಟು, ತಪ್ಪಾಗಿದ್ದರೆ ಕ್ಷಮಿಸು ಎಂದು ಕೇಳಿ ಹೋಗಬೇಕು. ಬಂದವರೇ ಇರಲಿಲ್ಲ. ಆ ನೀರು ಬೀಳಲೆಂದು ಮಂಚದ ಕೆಳಗಿಟ್ಟ ಬೋಗುಣಿಯಲ್ಲಿ ತಳ ಮುಚ್ಚುವಷ್ಟೂ ನೀರಿರಲಿಲ್ಲ.

“ಎಷ್ಟು ಸಲ ಸುರೀತೀಯಕ್ಕ? ನೀನೊಬ್ಳೇ ಅಷ್ಟೊಂದು ತಪ್ಪು ಮಾಡಿದ್ಯಾ?” ಎಂದಳು ವಿಹಾರದ ಕಸ ಗುಡಿಸುವ ಹೆಂಗಸು ಪ್ರಾನಿ.

“ಸಂಜೆ ಭಿಕ್ಷುಗಳು ಬರ್ತಾರೆ. ಬಟ್ಟಲು ತುಂಬಿದ್ರೆ ಏನಂದ್ಕೋತಾರೆ? ನನ್ನ ತಮ್ಮಂಗೆ ಯಾರೂ ಇಲ್ಲ ಅಂತ್ಲೇ ತಾನೆ?”

“ಅವ್ನು ಕೆಲ್ಸ ಮಾಡ್ತಿದ್ದ ಆಸ್ಪತ್ರೆಯವ್ರು?”

“ಇವತ್ತೂ ಯಾರದೋ ಎದೆ ತೆರೆದಿದಾರಂತೆ. ಮುಗಿಯೋದು ಯಾವಾಗ್ಲೋ.”

ತಮ್ಮ ವಿಚಿಯನ್ ಮದುವೆಯಾಗಲಿಲ್ಲ, ಗೆಳೆಯರನ್ನು ಕಟ್ಟಿಕೊಳ್ಳಲಿಲ್ಲ. ಲಂಪಾಂಗಿನಲ್ಲೇ ಹುಟ್ಟಿ ಬೆಳೆದರೂ ಊರಿನ ಪಾಲಿಗೆ ಇದ್ದೂ ಇಲ್ಲದವನು. ಹೋಗುವಾಗಲೂ ಹಾಗೆಯೇ, ನಿದ್ದೆಯಲ್ಲೇ ಹೋದ. ಲಮ್ಯೈಗೆ ದುಃಖದ ಜೊತೆಗೆ ಸಿಟ್ಟೂ ಬಂತು.

*

ಒಮ್ಮೆ ಸೊಂಗ್‌ಕ್ರಾನ್ ಹಬ್ಬದ ಊಟಕ್ಕೆ ಅವನು ಬಂದಿದ್ದಾಗ ಕೇಳಿದ್ದಳು, “ಆಸ್ಪತ್ರೇಲಿ ನಿಂದೇನೋ ಕೆಲ್ಸ?”

“ಎದೆಯಿಂದ ಹೊರಡೋ ದೊಡ್ಡ ರಕ್ತನಾಳ ಹರಿದ್ರೆ ಡಾಕ್ಟ್ರು ಹೊಲೀತಾರೆ. ಅಲ್ಲೀತನಕ ರಕ್ತ ನನ್ನ ಯಂತ್ರದಲ್ಲಿರುತ್ತೆ. ಮೈ ತಣ್ಣಗೆ ಮಾಡಿ ಇಟ್ಕೋತೀನಿ. ಮಿದುಳು, ಮೂತ್ರಪಿಂಡ ಕೆಡಬಾರ್ದಲ್ಲ. ಆಮೇಲೆ ನಿಧಾನಕ್ಕೆ ಬೆಚ್ಚಗೆ ಮಾಡೋದು. ಅವಸರ ಮಾಡಿದ್ರೆ ಕೆಟ್ಟಿತು.”

“ಬದುಕಿದೋರು ಬಂದು ಕೈ ಮುಗೀತಾರಾ?”

“ಅವ್ರು ಕಣ್ಣು ಬಿಡೋ ಹೊತ್ತಿಗೆ ನಾನು ಮನೇಲಿರ್ತೀನಕ್ಕ.” ವಿಚಿಯನ್ ಅನ್ನದ ಉಂಡೆಯನ್ನು ಚಟ್ನಿಗೆ ಅದ್ದಿದ. “ಬೆಳಿಗ್ಗೆ ಹೋಗಿ ಮೂತ್ರದ ಚೀಲ ನೋಡ್ತೀನಿ. ತುಂಬ್ತಿದ್ರೆ ಮೂತ್ರಪಿಂಡ ಉಳೀತು ಅಂತ, ನಂಗಷ್ಟೇ ಸಾಕು.”

“ಉಣ್ಣೋವಾಗ ಎಂಥ ಮಾತೋ,” ಎಂದು ಬೈದಿದ್ದಳು. ಆಮೇಲೆ ಅವನು ಕೆಲಸದ ಸುದ್ದಿಯನ್ನೇ ಎತ್ತಲಿಲ್ಲ.

*

ಬಿಸಿಲು ಇಳಿಯುವಾಗ ಮುದುಕನೊಬ್ಬ ಚಪ್ಪಲಿ ಬಿಟ್ಟು ಒಳಗೆ ಬಂದ. ಅಂಗಿಯ ಸಂದಿಯಲ್ಲಿ ಎದೆಯ ಹೊಲಿಗೆಯ ಗುರುತು ಕಾಣುತ್ತಿತ್ತು.

“ನಾನು ಸವಾಂಗ್ ಅಂತ. ಜಟಕಾ ಹೊಡೀತೀನಿ.”

“ಇವ್ನು ನಿಮಗೆ ಗೊತ್ತಾ ಅಣ್ಣ?”

“ಹೆಸರು ಗೊತ್ತಾಗಿದ್ದು ಇವತ್ತೇ. ಆಸ್ಪತ್ರೆ ಗೋಡೆ ಮೇಲೆ ಪಟ ಅಂಟ್ಸಿ, ರಕ್ತದ ಯಂತ್ರ ನಡೆಸ್ತಿದ್ದೋನು ತೀರ್ಕೊಂಡ ಅಂತ ಬರೆದಿದ್ರು. ನಾನು ಮಲಗಿದ್ದಾಗ ಬೆಳಿಗ್ಗೆ ಬೆಳಿಗ್ಗೆ ಬಂದು, ಮಂಚದ ಕೆಳಗೆ ಬಗ್ಗಿ ಚೀಲ ನೋಡೋನು. ನನ್ನ ಮುಖಾನೂ ನೋಡ್ತಿರ್ಲಿಲ್ಲ. ಚೆಲ್ಲೋ ಆಳು ಅಂದ್ಕೊಂಡು, ‘ನೋಡ್ತಾ ನಿಲ್ಬೇಡ, ಚೆಲ್ಲಿ ಹೋಗು’ ಅಂತ ಗದರಿಸ್ದೆ.”

“ಏನಂದ?”

“ಚೀಲ ಎತ್ಕೊಂಡು ಹೋದನಮ್ಮ. ಚೆಲ್ಲಿ ಬಂದ.”

ಸವಾಂಗ್ ಮಂಡಿಯೂರಿದ. ಬಟ್ಟಲಿನಿಂದ ನೀರು ತೆಗೆದು ತಣ್ಣನೆಯ ಕೈ ಮೇಲೆ ನಿಧಾನವಾಗಿ ಬಿಟ್ಟ. “ಗೊತ್ತಿಲ್ದೆ ಅಂದ್ಬಿಟ್ಟೆ ಕಣಪ್ಪ. ಮನಸ್ನಲ್ಲಿ ಇಟ್ಕೋಬೇಡ.”

ನೀರು ಬೆರಳ ಸಂದಿಯಿಂದ ಜಾರಿ ಕೆಳಗೆ ಬಿತ್ತು. ಲಮ್ಯೈ ಬಟ್ಟಲಿನ ಕಡೆ ನೋಡಲಿಲ್ಲ. ನೆಲಕ್ಕೆ ಕೈಯೂರಿ, ಮಂಚದ ಕೆಳಗೆ ಬಗ್ಗಿ, ಬೋಗುಣಿ ಎಷ್ಟು ತುಂಬಿದೆಯೆಂದು ನೋಡಿದಳು.